ಧರ್ಮನಿಂದನೆ: ಅಂತರರಾಷ್ಟ್ರೀಯ ಕಾನೂನು ಕಾಯುವುದು ಯಾರನ್ನು?

(ಶಿವಮೊಗ್ಗದಲ್ಲಿ ಕಾನೂನು ವಿದ್ಯಾರ್ಥಿಗಳು, ಯುವ ವಕೀಲರು ಮತ್ತು ಪತ್ರಕರ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಎರಡು ಸನ್ನಿವೇಶ ನಿಮ್ಮ ಮುಂದಿಡುತ್ತೇನೆ. ಎರಡೂ ಕಲ್ಪಿತ, ಆದರೆ ಇಲ್ಲಿ ಕೂತವರಿಗೆ ಹೊಸದೇನೂ ಅನ್ನಿಸಲಿಕ್ಕಿಲ್ಲ. ಸಾಗರದ ಕಡೆಯ ಕಾಲೇಜು ಹುಡುಗನೊಬ್ಬ ನಲವತ್ತು ಸಹಪಾಠಿಗಳಿರುವ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಬೇರೆ ಧರ್ಮದವರ ದೇವರ ಬಗ್ಗೆ ಕೀಳಾದ ಒಂದು ಸಾಲು ಹಾಕುತ್ತಾನೆ. ಬೆಳಗಾಗುವುದರೊಳಗೆ ಅದರ ಸ್ಕ್ರೀನ್‌ಶಾಟ್ ಭದ್ರಾವತಿ, ಶಿಕಾರಿಪುರ ದಾಟಿರುತ್ತದೆ. ಠಾಣೆಯ ಮುಂದೆ ಇನ್ನೂರು ಜನ ಸೇರಿರುತ್ತಾರೆ. ಎರಡನೆಯದು: ಗಣಪತಿ ವಿಸರ್ಜನೆಯೂ ಈದ್ ಮಿಲಾದ್ ಮೆರವಣಿಗೆಯೂ ಒಂದೇ ವಾರದಲ್ಲಿ ಬಂದ ವರ್ಷ. ಮೆರವಣಿಗೆಯ ಹಿಂದಿನ ಸಂಜೆ ಊರಿನ ಮುಖಂಡನೊಬ್ಬ ಮೈಕ್ ಹಿಡಿದು, 'ಈ ಬೀದಿಯಲ್ಲಿ ಅವರ ಅಂಗಡಿ ನಾಳೆ ಬಾಗಿಲು ತೆಗೆಯಬಾರದು, ತೆಗೆದರೆ ಏನು ಮಾಡಬೇಕು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ' ಅನ್ನುತ್ತಾನೆ. ಅವನ ಮಾತಿನಲ್ಲಿ ಯಾವ ದೇವರೂ ಇಲ್ಲ, ಪ್ರವಾದಿಯೂ ಇಲ್ಲ, ಗ್ರಂಥವೂ ಇಲ್ಲ.

ನಮ್ಮಲ್ಲಿ ಎಫ್‌ಐಆರ್ ಬೇಗ ಬೀಳುವುದು ಆ ಹುಡುಗನ ಮೇಲೆ. ಅಂತರರಾಷ್ಟ್ರೀಯ ಕಾನೂನು 'ಇದನ್ನು ತಡೆಯಲೇಬೇಕು' ಎಂದು ಸರ್ಕಾರಗಳಿಗೆ ಹೇಳುವುದು ಆ ಮುಖಂಡನ ಮಾತನ್ನು. ಹುಡುಗನ ಸಾಲು ಕೆಟ್ಟದ್ದೇ, ಅದರಿಂದ ನೊಂದವರ ನೋವೂ ನಿಜವೇ. ಅಷ್ಟಾದರೂ ಅದು ಬಹುಮಟ್ಟಿಗೆ ಶಿಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. ಹೀಗೇಕೆ ಎಂಬುದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಮೂಲ ಪಠ್ಯದಿಂದ ಶುರು ಮಾಡೋಣ. 1966ರ ಡಿಸೆಂಬರ್ 16ರಂದು ವಿಶ್ವಸಂಸ್ಥೆಯ ಮಹಾಸಭೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 1976ರಲ್ಲಿ. ನಮ್ಮ ವಿಷಯಕ್ಕೆ ಅದರ ಮೂರು ವಿಧಿಗಳು ಸಾಕು. 18ನೇ ವಿಧಿ ನಂಬುವ, ಆಚರಿಸುವ, ಬೋಧಿಸುವ ಹಕ್ಕನ್ನು ಕೊಡುತ್ತದೆ. ನಂಬದಿರುವ ಹಕ್ಕೂ ಅದರಲ್ಲೇ ಸೇರಿದೆ. 19ನೇ ವಿಧಿ ಮಾತಿನ ಸ್ವಾತಂತ್ರ್ಯ; ಅದಕ್ಕೆ ಮಿತಿ ಹಾಕಬೇಕಾದರೆ ಮಿತಿ ಕಾನೂನಿನಲ್ಲೇ ಸ್ಪಷ್ಟವಾಗಿರಬೇಕು, ಅಗತ್ಯವಾಗಿರಬೇಕು, ಮತ್ತು ಬೇರೆಯವರ ಹಕ್ಕು ಅಥವಾ ಮರ್ಯಾದೆ, ರಾಷ್ಟ್ರದ ಭದ್ರತೆ, ಸಾರ್ವಜನಿಕ ವ್ಯವಸ್ಥೆ, ಆರೋಗ್ಯ, ನೈತಿಕತೆ ಇವುಗಳಲ್ಲಿ ಒಂದನ್ನು ಕಾಯಲೆಂದೇ ಇರಬೇಕು. 20ನೇ ವಿಧಿಯ ಎರಡನೇ ಖಂಡ ಹೇಳುವುದಿಷ್ಟು: ರಾಷ್ಟ್ರೀಯತೆ, ಜನಾಂಗ ಅಥವಾ ಧರ್ಮದ ಹೆಸರಿನಲ್ಲಿ ದ್ವೇಷವನ್ನು ಪ್ರತಿಪಾದಿಸಿ, ಆ ಮೂಲಕ ತಾರತಮ್ಯಕ್ಕೆ, ಹಗೆತನಕ್ಕೆ ಅಥವಾ ಹಿಂಸೆಗೆ ಪ್ರಚೋದಿಸುವುದನ್ನು ಕಾನೂನು ನಿಷೇಧಿಸಬೇಕು.

ಆ ವಾಕ್ಯದಲ್ಲಿ ಮೂರು ಮೆಟ್ಟಿಲಿವೆ. ದ್ವೇಷದ ಪ್ರತಿಪಾದನೆ ಇರಬೇಕು. ಅದು ಪ್ರಚೋದನೆಯ ಮಟ್ಟಕ್ಕೆ ಏರಬೇಕು. ಪ್ರಚೋದನೆ ಮೂರರಲ್ಲಿ ಒಂದು ಕೆಡುಕಿನ ಕಡೆಗೆ ಇರಬೇಕು. ಮೂರೂ ಕೆಡುಕುಗಳು ಬೀಳುವುದು ಮನುಷ್ಯರ ಮೇಲೆ. ಮನೆ ಬಾಡಿಗೆಗೆ ಸಿಗದಿರುವುದು, ಅಂಗಡಿಗೆ ಬೆಂಕಿ ಬೀಳುವುದು, ಮಗು ಶಾಲೆಗೆ ಹೋಗಲು ಹೆದರುವುದು ಇಂಥವು. ಒಂದು ಸಿದ್ಧಾಂತಕ್ಕೋ ಗ್ರಂಥಕ್ಕೋ ಆದ ಅವಮಾನ ಆ ಪಟ್ಟಿಯಲ್ಲಿಲ್ಲ. ಈ ಒಡಂಬಡಿಕೆ ಭಕ್ತನನ್ನು ಕಾಯುತ್ತದೆ, ಭಕ್ತಿಯ ವಸ್ತುವನ್ನು ಪ್ರಶ್ನೆಯಿಂದ ಕಾಯುವುದಿಲ್ಲ. ಇನ್ನೊಂದನ್ನೂ ಗಮನಿಸಿ: 'ಕಾನೂನು ನಿಷೇಧಿಸಬೇಕು' ಎಂದಿದೆಯೇ ಹೊರತು ಜೈಲಿಗೆ ಹಾಕಬೇಕು ಎಂದಿಲ್ಲ. ಸಿವಿಲ್ ಪರಿಹಾರ, ಆಡಳಿತಾತ್ಮಕ ಕ್ರಮ ಕೂಡ ನಿಷೇಧವೇ.

ಆಗಾಗ ಒಂದು ಫಾರ್ವರ್ಡ್ ಓಡಾಡುತ್ತದೆ: 'ವಿಶ್ವಸಂಸ್ಥೆ ಧರ್ಮನಿಂದನೆಯನ್ನು ಅಪರಾಧವೆಂದು ಘೋಷಿಸಿದೆ.' ಅದು ಎಲ್ಲಿಂದ ಹುಟ್ಟಿತು ಎಂದು ತಿಳಿಯಬೇಕಾದರೆ ಯಾವ ಕಾಗದಕ್ಕೆ ಎಷ್ಟು ತೂಕ ಎಂಬುದು ಗೊತ್ತಿರಬೇಕು. ಒಡಂಬಡಿಕೆ ಸೇರಿದ ದೇಶವನ್ನು ಕಟ್ಟಿಹಾಕುವುದು ಒಡಂಬಡಿಕೆಯ ಪಠ್ಯ. ಅದರ ಪಾಲನೆ ನೋಡಿಕೊಳ್ಳುವ ಹದಿನೆಂಟು ತಜ್ಞರ ಮಾನವ ಹಕ್ಕುಗಳ ಸಮಿತಿ ಬರೆಯುವ 'ಸಾಮಾನ್ಯ ಟಿಪ್ಪಣಿ' ಆ ಪಠ್ಯದ ಅಧಿಕೃತ ವ್ಯಾಖ್ಯಾನ. ತೀರ್ಪಿನಂತೆ ಬಂಧನಕಾರಿ ಅಲ್ಲ, ಆದರೆ ನ್ಯಾಯಾಲಯಗಳು ಹಗುರವಾಗಿ ತಳ್ಳಿಹಾಕುವುದಿಲ್ಲ. ಜಿನೀವಾದ ಮಾನವ ಹಕ್ಕುಗಳ ಮಂಡಳಿ ಬೇರೆಯೇ ಸಂಸ್ಥೆ. ಅಲ್ಲಿರುವುದು 47 ಸರ್ಕಾರಗಳು. ಅವು ಮತ ಹಾಕಿ ಹೊರಡಿಸುವ ನಿರ್ಣಯ ರಾಜಕೀಯ ಹೇಳಿಕೆ, ಕಾನೂನಲ್ಲ. ಫಾರ್ವರ್ಡುಗಳಲ್ಲಿ ಮೂರನೆಯದನ್ನು ಮೊದಲನೆಯದೆಂದು ಓದಿರುತ್ತಾರೆ.

ಆ ನಿರ್ಣಯಗಳ ಕಥೆ ಕೇಳಬೇಕಾದದ್ದು. 1999ರಲ್ಲಿ ಮುಸ್ಲಿಂ ದೇಶಗಳ ಒಕ್ಕೂಟವಾದ ಇಸ್ಲಾಮಿಕ್ ಸಮ್ಮೇಳನ ಸಂಘಟನೆಯ (ಇಂದಿನ ಇಸ್ಲಾಮಿಕ್ ಸಹಕಾರ ಸಂಘಟನೆ) ಪರವಾಗಿ ಪಾಕಿಸ್ತಾನ, ಈ ಮಂಡಳಿಗೂ ಮೊದಲಿದ್ದ ಮಾನವ ಹಕ್ಕುಗಳ ಆಯೋಗದಲ್ಲಿ 'ಇಸ್ಲಾಂನ ಮಾನಹಾನಿ' ಎಂಬ ಹೆಸರಿನ ಕರಡು ನಿರ್ಣಯ ಮಂಡಿಸಿತು. ಚರ್ಚೆಯಾಗಿ ಅದು 'ಧರ್ಮಗಳ ಮಾನಹಾನಿ' ಎಂದಾಯಿತು. ಮುಂದೆ ಸುಮಾರು ಹನ್ನೆರಡು ವರ್ಷ ಇದೇ ಬಗೆಯ ನಿರ್ಣಯಗಳು ಗೆಲ್ಲುತ್ತ ಬಂದವು, ಆದರೆ ಬೆಂಬಲ ಕರಗುತ್ತ ಹೋಯಿತು. 2010ರ ಮಾರ್ಚ್‌ನಲ್ಲಿ ಮಂಡಳಿಯಲ್ಲಿ ಪರವಾಗಿ ಬಿದ್ದದ್ದು 20 ಮತ, ವಿರುದ್ಧ 17. ಆಕ್ಷೇಪ ಸರಳವಾಗಿತ್ತು: ಮಾನ ಇರುವುದು ವ್ಯಕ್ತಿಗೆ. ಧರ್ಮಕ್ಕೆ ಮಾನ ಉಂಟೆಂದು ಕಾನೂನು ಒಪ್ಪಿದರೆ ಅದರ ಪರವಾಗಿ ದಾವೆ ಹೂಡುವವರು ಯಾರು? ಒಂದು ಧರ್ಮದ ನಂಬಿಕೆಯೇ ಇನ್ನೊಂದಕ್ಕೆ ನಿಂದನೆ ಆಗಿರುವಾಗ ತೀರ್ಪು ಕೊಡುವವರು ಯಾರು? ವಿಗ್ರಹ ಪೂಜೆ ಪಾಪ ಎನ್ನುವುದು ಒಬ್ಬರ ಶ್ರದ್ಧೆ, ಅದೇ ಮಾತು ಮತ್ತೊಬ್ಬರಿಗೆ ನೋವು. ಯಾವುದಾದರೂ ಸರ್ಕಾರ ಇಲ್ಲಿ ನ್ಯಾಯ ಹೇಳಲು ಕೂತರೆ ಅದು ಕಾನೂನು ಬಿಟ್ಟು ಧರ್ಮಶಾಸ್ತ್ರಕ್ಕೆ ಇಳಿದಂತೆ.

2011ರ ಜನವರಿಯಲ್ಲಿ ಪಾಕಿಸ್ತಾನದ ಪಂಜಾಬ್ ಪ್ರಾಂತದ ರಾಜ್ಯಪಾಲ ಸಲ್ಮಾನ್ ತಾಸೀರ್, ಮಾರ್ಚ್ 2ರಂದು ಅಲ್ಲಿನ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವ ಶಹಬಾಜ್ ಭಟ್ಟಿ ಕೊಲೆಯಾದರು. ಇಬ್ಬರೂ ಧರ್ಮನಿಂದನೆ ಕಾನೂನನ್ನು ಟೀಕಿಸಿದವರು. ಅದೇ ಮಾರ್ಚ್ 24ರಂದು ಮಂಡಳಿ 16/18 ಸಂಖ್ಯೆಯ ನಿರ್ಣಯವನ್ನು ಮತಕ್ಕೆ ಹಾಕದೆ, ಎಲ್ಲರ ಒಪ್ಪಿಗೆಯಿಂದ ಅಂಗೀಕರಿಸಿತು. ಧರ್ಮಗಳ ಮಾನಹಾನಿ ಎಂಬ ಮಾತೇ ಅದರಲ್ಲಿಲ್ಲ. ಧರ್ಮ ಅಥವಾ ನಂಬಿಕೆಯ ಕಾರಣಕ್ಕೆ ವ್ಯಕ್ತಿಗಳ ಮೇಲೆ ನಡೆಯುವ ಅಸಹನೆ, ತಾರತಮ್ಯ, ಹಿಂಸೆಯ ಬಗ್ಗೆ ಅದು ಮಾತಾಡುತ್ತದೆ. ಸೂಚಿಸಿದ ಎಂಟು ಕ್ರಮಗಳಲ್ಲಿ ಶಿಕ್ಷೆಯ ಮಾತು ಇರುವುದು ಒಂದರಲ್ಲಿ, ಅದೂ ತಕ್ಷಣದ ಹಿಂಸೆಗೆ ಪ್ರಚೋದನೆ ಕೊಟ್ಟರೆ. ಉಳಿದವು ಸಮುದಾಯಗಳ ನಡುವೆ ಸಂಪರ್ಕ ಜಾಲ, ಅಧಿಕಾರಿಗಳಿಗೆ ತರಬೇತಿ, ಅಸಹನೆಯ ವಿರುದ್ಧ ನಾಯಕರು ಬಾಯಿಬಿಟ್ಟು ಮಾತಾಡುವುದು ಇಂಥವು. ನಮ್ಮ ಜಿಲ್ಲೆಯ ಶಾಂತಿ ಸಭೆಗಳಿಗೆ ಹೋಗುವವರು ಆ ಎಂಟನ್ನು ಒಮ್ಮೆ ಓದಿಕೊಳ್ಳಬೇಕು. ಹಬ್ಬದ ಹಿಂದಿನ ದಿನ ಮಾತ್ರ ಸೇರುವ ಸಭೆಯಿಂದ ಅವುಗಳಲ್ಲಿ ಯಾವುದೂ ಸಾಧಿಸುವುದಿಲ್ಲ.

2023ರಲ್ಲಿ ಗಾಳಿ ಸ್ವಲ್ಪ ತಿರುಗಿತು. ಜೂನ್ 28ರಂದು ಸ್ಟಾಕ್‌ಹೋಮ್‌ನ ಮಸೀದಿಯ ಹೊರಗೆ ಕುರಾನ್ ಸುಟ್ಟ ಘಟನೆಯ ನಂತರ, ಜುಲೈ 12ರಂದು ಮಂಡಳಿ ಇಂಥ ಕೃತ್ಯಗಳನ್ನು ಖಂಡಿಸಿ 28-12 ಮತಗಳಿಂದ ನಿರ್ಣಯ ಮಾಡಿತು, ಏಳು ದೇಶ ತಟಸ್ಥ. ಭಾರತ ಪರವಾಗಿ ಮತ ಹಾಕಿತು. ಆ ಡಿಸೆಂಬರ್‌ನಲ್ಲಿ ಡೆನ್ಮಾರ್ಕ್ ಧಾರ್ಮಿಕ ಗ್ರಂಥಗಳನ್ನು ಸಾರ್ವಜನಿಕವಾಗಿ ಅನುಚಿತವಾಗಿ ನಡೆಸಿಕೊಳ್ಳುವುದನ್ನು ಅಪರಾಧ ಮಾಡಿತು, ಎರಡು ವರ್ಷದವರೆಗೆ ಶಿಕ್ಷೆ. ಇದೇ ಡೆನ್ಮಾರ್ಕ್ 2017ರಲ್ಲಷ್ಟೇ ತನ್ನ ಹಳೆಯ ಧರ್ಮನಿಂದನೆ ಕಾನೂನನ್ನು ತೆಗೆದುಹಾಕಿತ್ತು. ಆದರೂ ಒಡಂಬಡಿಕೆಯ ಪಠ್ಯ ಒಂದಕ್ಷರ ಬದಲಾಗಿಲ್ಲ. ಸಮಿತಿಯ 2011ರ 34ನೇ ಸಾಮಾನ್ಯ ಟಿಪ್ಪಣಿ ಈಗಲೂ ನಿಂತಿದೆ. ಅದರ 48ನೇ ಪ್ಯಾರಾ ಬರೆದುಕೊಳ್ಳಿ, ವಾದಕ್ಕೆ ಬೇಕಾಗುತ್ತದೆ. ಒಂದು ಧರ್ಮಕ್ಕೆ ಅಗೌರವ ತೋರಿದ್ದನ್ನು ನಿಷೇಧಿಸುವ ಕಾನೂನುಗಳು, ಧರ್ಮನಿಂದನೆ ಕಾನೂನುಗಳೂ ಸೇರಿ, ಒಡಂಬಡಿಕೆಗೆ ಹೊಂದುವುದಿಲ್ಲ. 20ನೇ ವಿಧಿಯ ಎರಡನೇ ಖಂಡದ ಸಂದರ್ಭ ಮಾತ್ರ ಇದಕ್ಕೆ ಹೊರತು. ಅಂಥ ಕಾನೂನು ಒಂದು ಧರ್ಮಕ್ಕೆ ಹೆಚ್ಚು ರಕ್ಷಣೆ ಕೊಡುವಂತಿಲ್ಲ. ಧಾರ್ಮಿಕ ಮುಖಂಡರ ಟೀಕೆಯನ್ನಾಗಲಿ ಸಿದ್ಧಾಂತದ ವಿಮರ್ಶೆಯನ್ನಾಗಲಿ ಅದರಿಂದ ಬಾಯಿ ಮುಚ್ಚಿಸುವಂತಿಲ್ಲ.

ಒಂದು ಧರ್ಮಕ್ಕೆ ಹೆಚ್ಚು ರಕ್ಷಣೆ ಎಂದೆನಲ್ಲ, ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿನ ಸಾಮಾನ್ಯ ಕಾನೂನಿನ (ಕಾಯ್ದೆಯಿಂದಲ್ಲ, ತೀರ್ಪುಗಳಿಂದ ಬೆಳೆದ ಕಾನೂನು) ಧರ್ಮನಿಂದನೆ ಕ್ರೈಸ್ತ ಮತವನ್ನಷ್ಟೇ ಕಾಯುತ್ತಿತ್ತು. ಇಸ್ಲಾಂಗೂ ಅದು ಅನ್ವಯಿಸಲಿ ಎಂದು ಹೋದವರಿಗೆ 1990ರ ಸುಮಾರಿಗೆ ನ್ಯಾಯಾಲಯ ಆಗದು ಎಂದಿತು. 2008ರಲ್ಲಿ ಆ ಅಪರಾಧವನ್ನೇ ರದ್ದು ಮಾಡಲಾಯಿತು. ಸಮಾನತೆಗೆ ಎರಡು ದಾರಿ ಇದ್ದವು: ಎಲ್ಲ ಧರ್ಮಕ್ಕೂ ಬೇಲಿ ಹಾಕುವುದು, ಇಲ್ಲವೇ ಇದ್ದ ಬೇಲಿ ಕೀಳುವುದು. ಅವರು ಎರಡನೆಯದನ್ನು ಆರಿಸಿದರು. ನನ್ನ ಅಭಿಪ್ರಾಯದಲ್ಲಿ ಸರಿಯಾದದ್ದನ್ನೇ ಆರಿಸಿದರು.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮಾತ್ರ ಇಷ್ಟು ಸ್ಪಷ್ಟವಾಗಿಲ್ಲ, ಅದನ್ನು ಮುಚ್ಚಿಡಬಾರದು. 1976ರಲ್ಲೇ ಅದು, ನೋಯಿಸುವ, ಬೆಚ್ಚಿಬೀಳಿಸುವ ಮಾತಿಗೂ ರಕ್ಷಣೆ ಇದೆ ಎಂದಿತ್ತು. 1994ರಲ್ಲಿ ಆಸ್ಟ್ರಿಯಾದ ಒಂದು ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಇನ್ಸ್‌ಬ್ರುಕ್‌ನ ಒಂದು ಚಲನಚಿತ್ರ ಸಂಸ್ಥೆ ಕ್ರೈಸ್ತ ನಂಬಿಕೆಯನ್ನು ಗೇಲಿ ಮಾಡುವ ಸಿನಿಮಾ ಒಂದರ ಆರು ಪ್ರದರ್ಶನ ಇಟ್ಟುಕೊಂಡಿತ್ತು. ಹದಿನೇಳು ತುಂಬದವರಿಗೆ ಪ್ರವೇಶವಿಲ್ಲ, ಪ್ರದರ್ಶನ ರಾತ್ರಿ ಹತ್ತಕ್ಕೆ, ವಿಷಯ ಏನೆಂದು ಮೊದಲೇ ತಿಳಿಸಿತ್ತು. ತೋರಿಸುವ ಮೊದಲೇ ಸರ್ಕಾರ ವಶಪಡಿಸಿಕೊಂಡಿತು. ಟಿರೋಲ್ ಪ್ರಾಂತದಲ್ಲಿ ಶೇ. 87 ಜನ ಕ್ಯಾಥೊಲಿಕರು, ಅವರ ಧಾರ್ಮಿಕ ಭಾವನೆಯನ್ನು ಕಾಯುವುದು ಸರಿ ಎಂದು ನ್ಯಾಯಾಲಯ 6-3 ಬಹುಮತದಿಂದ ಹೇಳಿತು. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಟಿಕೆಟ್ ಕೊಂಡು, ಏನು ನೋಡಲಿದ್ದೇವೆ ಎಂದು ತಿಳಿದು ಒಳಗೆ ಹೋಗುವವನಿಂದ ಹೊರಗಿರುವವನ ಯಾವ ಹಕ್ಕು ಹೋಯಿತು? ಬಹುಸಂಖ್ಯೆಯೇ ರಕ್ಷಣೆಗೆ ಕಾರಣವಾದರೆ ಹುಂಚದ ಜೈನರಿಗೆ, ಮಲೆನಾಡಿನ ಮೂಲೆಯ ನಾಲ್ಕು ಕ್ರೈಸ್ತ ಮನೆಗಳಿಗೆ ಉಳಿಯುವುದೇನು? 2018ರಲ್ಲೂ ಆಸ್ಟ್ರಿಯಾದ ಇನ್ನೊಂದು ಪ್ರಕರಣದಲ್ಲಿ, ಪ್ರವಾದಿಯ ಬಗ್ಗೆ ಉಪನ್ಯಾಸದಲ್ಲಿ ಆಡಿದ ಮಾತಿಗೆ ಹಾಕಿದ್ದ 480 ಯೂರೋ ದಂಡವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. 2022ರಲ್ಲಿ ಪೋಲೆಂಡಿನ ಗಾಯಕಿಯೊಬ್ಬಳ ವಿಷಯದಲ್ಲಿ ಮತ್ತೆ ತಿರುಗಿತು: ಬೈಬಲ್ ಬರೆದವರ ಬಗ್ಗೆ ಸಂದರ್ಶನದಲ್ಲಿ ಹಗುರವಾಗಿ ಮಾತಾಡಿದ್ದಕ್ಕೆ ಹಾಕಿದ್ದ 5,000 ಜ್ಲೋಟಿ ದಂಡ ತಪ್ಪು ಎಂದಿತು. ಆ ಮಾತಿನಿಂದ ಯಾರ ವಿರುದ್ಧವಾದರೂ ದ್ವೇಷ ಕೆರಳುವ ಸಂಭವವಿತ್ತೇ ಎಂದು ಪೋಲೆಂಡಿನ ನ್ಯಾಯಾಲಯಗಳು ನೋಡಿರಲೇ ಇಲ್ಲ. ವಕೀಲರು ಗುರುತಿಸಬೇಕಾದ ಎಳೆ ಇದು. ಫಲಿತಾಂಶಗಳು ಏರುಪೇರಾಗಿದ್ದರೂ ನ್ಯಾಯಾಲಯ ಕೇಳುವ ಪ್ರಶ್ನೆ ನಿಧಾನವಾಗಿ ನೋವಿನಿಂದ ಪರಿಣಾಮದ ಕಡೆಗೆ ಸರಿಯುತ್ತಿದೆ.

ಇಲ್ಲಿ ದಾರಿ ಸ್ವಲ್ಪ ಬಿಟ್ಟು ಹೋಗುತ್ತೇನೆ. ಇದೆಲ್ಲ ಪಶ್ಚಿಮದ ಸರಕು ಎಂದು ಕೆಲವರು ಹೇಳುತ್ತಾರೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಗೆ ಹೋಗಿ ಬನ್ನಿ. ಅಲ್ಲಿನ ಕೋಡಿಯ ಮಠ ಕಾಳಾಮುಖ ಶೈವರದು. 1162ರ ಶಾಸನ ಅದನ್ನು ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವನ್ನೂ ವಿವರಿಸುತ್ತಿದ್ದ ಸ್ಥಳವೆಂದು ಹೊಗಳುತ್ತದೆ. ತನ್ನ ಮತವನ್ನು ಖಂಡಿಸುವವರ ಶಾಸ್ತ್ರವನ್ನು ತನ್ನ ಮಠದಲ್ಲೇ ಓದಿಸುತ್ತಿದ್ದ ಊರು ಅದು. ಅಲ್ಲಮ ಅಲ್ಲಿಯವನೆಂದೇ ಪ್ರತೀತಿ. ವಚನಕಾರರು ಕಲ್ಲು ದೇವರನ್ನು, ಯಜ್ಞವನ್ನು, ಜಾತಿಯ ಶಾಸ್ತ್ರವನ್ನು ಟೀಕಿಸಿದ ಧಾಟಿಯಲ್ಲಿ ಇಂದು ಯಾರಾದರೂ ಫೇಸ್‌ಬುಕ್‌ನಲ್ಲಿ ಬರೆದರೆ ಸಂಜೆಯೊಳಗೆ ದೂರು ಬರುತ್ತದೆ. ಇನ್ನು ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಾಗ ಬುಕ್ಕ ಯಾರ ಸಿದ್ಧಾಂತ ಮೇಲು ಎಂದು ತೀರ್ಮಾನಿಸಲು ಹೋಗಲಿಲ್ಲ. ಜೈನರಿಗೆ ಹಿಂದಿನಿಂದ ಬಂದ ಪಂಚಮಹಾವಾದ್ಯ, ಕಲಶದ ಹಕ್ಕು ಉಳಿಯಬೇಕು, ಜೈನರ ಹಾನಿವೃದ್ಧಿಯನ್ನು ವೈಷ್ಣವರು ತಮ್ಮದೆಂದೇ ಭಾವಿಸಬೇಕು ಎಂದ. ಕಾಯ್ದದ್ದು ಜನರನ್ನು, ಅವರ ಆಚರಣೆಯ ಹಕ್ಕನ್ನು. 16/18 ನಿರ್ಣಯ ಹೇಳುವುದೂ ಅದನ್ನೇ.

ಈಗ ಮುಖ್ಯ ಸಲಕರಣೆಗೆ ಬರೋಣ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ವಿಯೆನ್ನಾ, ನೈರೋಬಿ, ಬ್ಯಾಂಕಾಕ್, ಸ್ಯಾಂಟಿಯಾಗೊಗಳಲ್ಲಿ ತಜ್ಞರ ಸಭೆ ನಡೆಸಿತು. 2012ರ ಅಕ್ಟೋಬರ್‌ನಲ್ಲಿ ಮೊರಾಕೊದ ರಬಾತ್‌ನಲ್ಲಿ ಅವೆಲ್ಲ ಸೇರಿ ಒಂದು ಕಾರ್ಯಯೋಜನೆ ಆಯಿತು. ಒಂದು ಮಾತು ಶಿಕ್ಷಾರ್ಹ ಪ್ರಚೋದನೆಯೇ ಎಂದು ಅಳೆಯಲು ಅದು ಆರು ಅಂಶ ಕೊಡುತ್ತದೆ: ಸಂದರ್ಭ, ಆಡಿದವನ ಸ್ಥಾನ, ಉದ್ದೇಶ, ಮಾತಿನ ವಸ್ತು ಮತ್ತು ರೂಪ, ಅದು ತಲುಪಿದ ವ್ಯಾಪ್ತಿ, ಕೆಡುಕು ಆಗುವ ಸಂಭವ. ಮೊದಲಿನ ಎರಡು ಸನ್ನಿವೇಶಗಳನ್ನು ಇದರ ಮೇಲಿಟ್ಟು ನೋಡೋಣ.

ಸಂದರ್ಭ: ಮಳೆಗಾಲದ ಒದ್ದೆ ದರಗಿನ ಮೇಲೆ ಬಿದ್ದ ಬೆಂಕಿಕಡ್ಡಿ ಆರಿಹೋಗುತ್ತದೆ, ಅದೇ ಕಡ್ಡಿ ಮಾರ್ಚ್‌ನಲ್ಲಿ ಬಿದ್ದರೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಹುಡುಗ ಬರೆದದ್ದು ಸಹಪಾಠಿಗಳ ಕಿತ್ತಾಟದ ನಡುವೆ. ಮುಖಂಡ ಆಡಿದ್ದು ಮೆರವಣಿಗೆಯ ಹಿಂದಿನ ಸಂಜೆ, ಹಿಂದಿನ ವರ್ಷದ ಕಲ್ಲುತೂರಾಟದ ನೆನಪು ಮಾಸದ ಬೀದಿಯಲ್ಲಿ. ಆಡಿದವನ ಸ್ಥಾನ: ಹುಡುಗ ಹೇಳಿದ್ದನ್ನು ನಾಲ್ಕು ಗೆಳೆಯರೂ ಕೇಳುವುದಿಲ್ಲ, ಮುಖಂಡ ಹೇಳಿದರೆ ಹಿಂದೆ ಹುಡುಗರ ಪಡೆ ಹೊರಡುತ್ತದೆ. ಉದ್ದೇಶ: ಅಜಾಗರೂಕತೆ ಸಾಲದು ಎಂದು ರಬಾತ್ ಸ್ಪಷ್ಟವಾಗಿ ಹೇಳುತ್ತದೆ. ಆಡುವವನು, ಗುರಿಯಾದ ಗುಂಪು, ಕೇಳುಗರು ಈ ಮೂವರನ್ನು ಕೂಡಿಸಿ ನೋಡಬೇಕು. ವಸ್ತು ಮತ್ತು ರೂಪ: ಹುಡುಗನ ಸಾಲು ಅಸಹ್ಯವಾಗಿದೆ, ಆದರೆ ಯಾರಿಗೂ ಏನನ್ನೂ ಮಾಡಲು ಹೇಳುವುದಿಲ್ಲ. ಮುಖಂಡನ ಮಾತು ನಯವಾಗಿದೆ, ಆದರೆ ಅದು ನಿರ್ದೇಶನ. ಎಡವುವುದು ಇಲ್ಲಿಯೇ. ಪೊಲೀಸರು, ಕೆಲವೊಮ್ಮೆ ನ್ಯಾಯಾಲಯಗಳು ಕೂಡ, ಪದದ ಕೊಳಕನ್ನು ಅಳೆಯುತ್ತವೆ. ಪದ ಯಾರನ್ನು ಯಾರ ಮೇಲೆ ಏರಿಸಿಬಿಡುತ್ತದೆ ಎಂದು ನೋಡುವುದಿಲ್ಲ.

ವ್ಯಾಪ್ತಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹುಡುಗನ ಸಾಲು ನಲವತ್ತು ಜನರಿಗೆ ಹೋಗಿತ್ತು. ಸಾವಿರಾರು ಜನರಿಗೆ ಮುಟ್ಟಿಸಿದ್ದು ಸ್ಕ್ರೀನ್‌ಶಾಟ್ ತೆಗೆದು 'ನೋಡಿ ಏನು ಬರೆದಿದ್ದಾನೆ, ಸುಮ್ಮನಿರುತ್ತೀರಾ' ಎಂದು ಹಂಚಿದವನು. ಆರು ಅಂಶಗಳನ್ನು ಅವನ ಮೇಲೂ ಇಡಿ. ಎಷ್ಟೋ ಸಲ ಪ್ರಚೋದನೆಯ ಅಂಶಗಳು ಅವನಲ್ಲೇ ಹೆಚ್ಚು ಕೂಡಿಬರುತ್ತವೆ, ತನಿಖೆ ಮಾತ್ರ ಅವನ ತನಕ ಹೋಗುವುದೇ ಇಲ್ಲ. ಕೊನೆಯದು ಸಂಭವ: ಕೆಡುಕು ಆಗಿಯೇ ಇರಬೇಕೆಂದಿಲ್ಲ. ಆದರೆ ಆ ಮಾತಿಗೆ ಜನ ಎದ್ದು ಗುರಿಯಾದ ಗುಂಪಿನ ಮೇಲೆ ಬೀಳುವ ಸಂಭವ ನಿಜವಾಗಿ, ಹತ್ತಿರದಲ್ಲೇ ಇರಬೇಕು. ಮಾತಿನಿಂದ ನೊಂದವರೇ ಸಿಟ್ಟಿಗೆದ್ದು ಆಡಿದವನನ್ನು ಹೊಡೆಯಬಹುದು ಎಂಬುದು ಪ್ರಚೋದನೆಯ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಯಾವ ಗುಂಪು ಬೇಗ ಕಲ್ಲು ಎತ್ತುತ್ತದೋ ಅದಕ್ಕೇ ಹೆಚ್ಚು ರಕ್ಷಣೆ ಸಿಗುತ್ತದೆ. ನಮ್ಮ ಸುಪ್ರೀಂ ಕೋರ್ಟ್ 1989ರ ಎಸ್. ರಂಗರಾಜನ್ ಪ್ರಕರಣದಲ್ಲಿ ಇದನ್ನೇ ಹೇಳಿದೆ: ಪ್ರತಿಭಟನೆಯ, ಹಿಂಸೆಯ ಬೆದರಿಕೆಗೆ ಹೆದರಿ ಮಾತನ್ನು ಅಡಗಿಸುವಂತಿಲ್ಲ, ನಿಭಾಯಿಸಲು ನಮ್ಮಿಂದಾಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ.

ಭಾರತ ಈ ಒಡಂಬಡಿಕೆಗೆ ಸೇರಿದ್ದು 1979ರ ಏಪ್ರಿಲ್ 10ರಂದು. ಸೇರುವಾಗ ಒಂದು ಘೋಷಣೆ ಮಾಡಿತು: ಮಾತಿನ ಮಿತಿಗಳ ವಿಧಿಯನ್ನು ನಮ್ಮ ಸಂವಿಧಾನದ 19ನೇ ವಿಧಿಗೆ ಹೊಂದುವಂತೆ ಅನ್ವಯಿಸುತ್ತೇವೆ ಎಂದು. ವೈಯಕ್ತಿಕ ದೂರು ಕೊಡಲು ಅವಕಾಶ ಮಾಡುವ ಐಚ್ಛಿಕ ಪ್ರೋಟೋಕಾಲ್‌ಗೆ ಭಾರತ ಸೇರಿಲ್ಲ. ಆದ್ದರಿಂದ ಶಿವಮೊಗ್ಗದಿಂದ ಯಾರೂ ಜಿನೀವಾದ ಸಮಿತಿಗೆ ಅರ್ಜಿ ಹಾಕಲು ಬರುವುದಿಲ್ಲ; ಹಾಕಿಸಿಕೊಡುತ್ತೇವೆ ಎಂದು ಫೀಸು ಕೇಳುವವರನ್ನು ನಂಬಬೇಡಿ. 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪಿನ ಪ್ರಕಾರ ಒಡಂಬಡಿಕೆ ತಾನಾಗಿಯೇ ನಮ್ಮ ದೇಶದ ಕಾನೂನು ಆಗುವುದಿಲ್ಲ. ಆದರೆ ಬಾಗಿಲು ಮುಚ್ಚಿಲ್ಲ. ಅಂತರರಾಷ್ಟ್ರೀಯ ಕಾನೂನಿಗೆ ಗೌರವ ಬೆಳೆಸಬೇಕೆನ್ನುವ ಸಂವಿಧಾನದ 51(ಸಿ) ವಿಧಿ ಇದೆ. ನಮ್ಮ ಕಾನೂನಿನಲ್ಲಿ ಖಾಲಿ ಜಾಗವಿದ್ದರೆ, ಅಸ್ಪಷ್ಟತೆ ಇದ್ದರೆ ಅಂತರರಾಷ್ಟ್ರೀಯ ಒಪ್ಪಂದದ ಬೆಳಕಿನಲ್ಲಿ ಓದಬಹುದೆಂದು 1997ರ ವಿಶಾಖಾ ತೀರ್ಪು ತೋರಿಸಿದೆ. ಹೈಕೋರ್ಟಿಗೆ ಹೋಗುವಾಗ ರಬಾತ್ ಅಂಶಗಳನ್ನು 'ಇದು ಬಂಧನಕಾರಿ' ಎಂದು ಮಂಡಿಸಬೇಡಿ, ಎದುರಾಳಿ ಒಂದೇ ಮಾತಿನಲ್ಲಿ ಹೊಡೆದುಹಾಕುತ್ತಾನೆ. 'ಉದ್ದೇಶ' ಮತ್ತು 'ಸಾರ್ವಜನಿಕ ವ್ಯವಸ್ಥೆ' ಎಂಬ ನಮ್ಮದೇ ಪದಗಳನ್ನು ಅಳೆಯುವ ಕೋಲಾಗಿ ಮಂಡಿಸಿ.

'ಸಾರ್ವಜನಿಕ ವ್ಯವಸ್ಥೆ' ಇರುವುದು ಮಾತಿಗೆ ಹಾಕಬಹುದಾದ ಮಿತಿಗಳನ್ನು ಪಟ್ಟಿ ಮಾಡುವ ಸಂವಿಧಾನದ 19(2)ರಲ್ಲಿ. 'ಉದ್ದೇಶ' ಇರುವುದು ಧಾರ್ಮಿಕ ಭಾವನೆಯನ್ನು ಕೆರಳಿಸಲೆಂದು ಮಾಡುವ ಅವಮಾನವನ್ನು ಶಿಕ್ಷಿಸುವ ಹಳೆಯ ದಂಡಸಂಹಿತೆಯ 295ಎ ಕಲಂನಲ್ಲಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 299ರಲ್ಲಿ. ಈ ಕಲಂ ಹುಟ್ಟಿದ್ದು 1927ರಲ್ಲಿ. ಪ್ರವಾದಿಯನ್ನು ಗೇಲಿ ಮಾಡಿದ ಪುಸ್ತಿಕೆಯ ಪ್ರಕಾಶಕನನ್ನು ಲಾಹೋರ್ ಹೈಕೋರ್ಟ್ ಬಿಡುಗಡೆ ಮಾಡಿತು. 153ಎ ಕಲಂ ಜೀವಂತ ಸಮುದಾಯಗಳ ನಡುವಿನ ದ್ವೇಷಕ್ಕೆ, ಗತಿಸಿದ ಧರ್ಮಗುರುವಿನ ಟೀಕೆಗಲ್ಲ ಎಂದಿತು. ಗದ್ದಲವಾಗಿ ಹೊಸ ಕಲಂ ಬಂತು. ಆಗಿನ ಆಯ್ಕೆ ಸಮಿತಿಯ ವಿವೇಕ ಗಮನಿಸಿ: ಸಮಾಜ ಸುಧಾರಕನೊಬ್ಬ ಜನರನ್ನು ಎಚ್ಚರಿಸಲೆಂದು ಪ್ರಾಮಾಣಿಕವಾಗಿಯೇ ಕಟುವಾಗಿ ಬರೆಯಬಹುದು, ಅವನು ಸಿಕ್ಕಿಬೀಳಬಾರದು ಎಂದು ಕರಡಿನಲ್ಲಿದ್ದ 'ಉದ್ದೇಶಪೂರ್ವಕ' ಎಂಬುದರ ಜೊತೆಗೆ 'ದುರುದ್ದೇಶದ' ಎಂಬ ವಿಶೇಷಣವನ್ನೂ ಸೇರಿಸಿತು. ಕಾನೂನು ಬಂದರೂ 1929ರಲ್ಲಿ ಆ ಪ್ರಕಾಶಕನ ಕೊಲೆಯಾಯಿತು. ಗಡಿಯಾಚೆ ಪಾಕಿಸ್ತಾನದಲ್ಲಿ ಇದೇ ಅಧ್ಯಾಯಕ್ಕೆ 1986ರಲ್ಲಿ ಸೇರಿದ 295-ಸಿ ಕಲಂನಲ್ಲಿ ಉದ್ದೇಶದ ಮಾತೇ ಇಲ್ಲ, ಶಿಕ್ಷೆ ಮರಣದಂಡನೆ. ಹೊಲದಲ್ಲಿ ನೀರು ಕುಡಿಯುವ ವಿಷಯಕ್ಕೆ ಶುರುವಾದ ಜಗಳದಿಂದ 2010ರಲ್ಲಿ ಮರಣದಂಡನೆಗೆ ಗುರಿಯಾದ ಆಸಿಯಾ ಬೀಬಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ್ದು 2018ರಲ್ಲಿ. ಆ ಎರಡು ವಿಶೇಷಣಗಳ ಬೆಲೆ ಅಷ್ಟು.

1957ರ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸಂವಿಧಾನ ಪೀಠ 295ಎ ಕಲಂ ಅನ್ನು ಎತ್ತಿಹಿಡಿಯಿತು. ಸಂವಿಧಾನದ 19(2)ರ ಪಟ್ಟಿಯಲ್ಲಿ ಧಾರ್ಮಿಕ ಭಾವನೆ ಎಂಬುದು ಇಲ್ಲ, ಆದ್ದರಿಂದ ಸಾರ್ವಜನಿಕ ವ್ಯವಸ್ಥೆಯ ಹೆಸರಿನಲ್ಲಿ ಸಮರ್ಥಿಸಬೇಕಾಯಿತು. ದುರುದ್ದೇಶದ ಉಗ್ರ ನಿಂದನೆ ತನ್ನ ಸ್ವಭಾವದಿಂದಲೇ ವ್ಯವಸ್ಥೆ ಕೆಡಿಸುವ ಪ್ರವೃತ್ತಿಯದು ಎಂದಿತು ಪೀಠ. ಈ 'ಪ್ರವೃತ್ತಿ'ಯ ಅಳತೆ ತೀರಾ ಸಡಿಲ. ಮಾತಿಗೂ ಗಲಭೆಗೂ ನಿಕಟ ಸಂಬಂಧ ಬೇಕೆಂದು 1960ರ ಲೋಹಿಯಾ ತೀರ್ಪು, ಚರ್ಚೆ ಮತ್ತು ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ ಎಂದು 2015ರ ಶ್ರೇಯಾ ಸಿಂಘಾಲ್ ತೀರ್ಪು ಹೇಳಿದ ಮೇಲೆ 1957ರ ತರ್ಕವನ್ನು ಮತ್ತೆ ಪರಿಶೀಲಿಸಲೇಬೇಕು ಎಂಬುದು ನನ್ನ ನಿಲುವು. ಅಲ್ಲಿಯವರೆಗೆ 2017ರ ಮಹೇಂದ್ರ ಸಿಂಗ್ ಧೋನಿ ಪ್ರಕರಣ ಕೈಗೆ ಸಿಗುತ್ತದೆ: ಅಜಾಗರೂಕತೆಯಿಂದಲೋ ದುರುದ್ದೇಶವಿಲ್ಲದೆಯೋ ಆದ ಅವಮಾನ ಈ ಕಲಂಗೆ ಬರುವುದಿಲ್ಲ.

ಯುವ ವಕೀಲರಿಗೆ ಪ್ರಕ್ರಿಯೆಯ ನಾಲ್ಕು ಮಾತು. 299 ಸಂಜ್ಞೇಯ (ನ್ಯಾಯಾಲಯದ ಆದೇಶವಿಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದದ್ದು), ಜಾಮೀನುರಹಿತ, ಗರಿಷ್ಠ ಮೂರು ವರ್ಷ. ಏಳು ವರ್ಷದೊಳಗಿನ ಶಿಕ್ಷೆಯಾದ್ದರಿಂದ ಬಂಧನವೇ ನಿಯಮವಲ್ಲ. ಬಂಧಿಸುವ ಬದಲು ಹಾಜರಾಗಲು ಸೂಚಿಸುವ, ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸು ಕೇಳಿ. ಅದೇ ಸಂಹಿತೆಯ 173(3)ರ ಪ್ರಕಾರ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಡಿವೈಎಸ್‌ಪಿ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಮಾತಿಗೆ ಸಂಬಂಧಿಸಿದ ಅಪರಾಧಗಳಲ್ಲಿ ಹೀಗೆ ಮಾಡುವುದೇ ಸೂಕ್ತ ಎಂದು 2025ರ ಮಾರ್ಚ್ 28ರ ಇಮ್ರಾನ್ ಪ್ರತಾಪಗಢಿ ತೀರ್ಪು ಹೇಳಿತು. ಮಾತಿನ ಪರಿಣಾಮವನ್ನು ಗಟ್ಟಿಮನಸ್ಸಿನ ವಿವೇಕಿಯ ಕಣ್ಣಿಂದ ಅಳೆಯಬೇಕು, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವರ ಕಣ್ಣಿಂದಲ್ಲ ಎಂದೂ ಹೇಳಿತು. ಇನ್ನು ಪೂರ್ವಾನುಮತಿ. ಎಫ್‌ಐಆರ್‌ಗೆ ಅದು ಬೇಕಿಲ್ಲ, ಆದರೆ ಸುರಕ್ಷಾ ಸಂಹಿತೆಯ 217ನೇ ಕಲಂ ಪ್ರಕಾರ ಸರ್ಕಾರದ ಮಂಜೂರಾತಿ ಇಲ್ಲದೆ ನ್ಯಾಯಾಲಯ ನ್ಯಾಯ ಸಂಹಿತೆಯ 196 (ಸಮುದಾಯಗಳ ನಡುವೆ ದ್ವೇಷ ಬೆಳೆಸುವುದು, ಹಳೆಯ 153ಎ) ಅಥವಾ 299ರ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಚಾರ್ಜ್‌ಶೀಟ್ ಜೊತೆ ಮಂಜೂರಾತಿ ಪತ್ರ ಇದೆಯೇ ಎಂದು ಮೊದಲ ದಿನವೇ ನೋಡಿ.

ಪುಸ್ತಕ ಮುಟ್ಟುಗೋಲಾದರೆ ದಾರಿ ಬೇರೆ. ಸುರಕ್ಷಾ ಸಂಹಿತೆಯ 98ನೇ ಕಲಂ ಕೆಳಗಿನ ಅಧಿಸೂಚನೆಯಲ್ಲಿ ಸರ್ಕಾರ ತನ್ನ ಅಭಿಪ್ರಾಯಕ್ಕೆ ಕಾರಣಗಳನ್ನು ಬರೆಯಲೇಬೇಕು. ಬರೆಯದಿದ್ದರೆ ಆದೇಶ ನಿಲ್ಲದು ಎಂದು 1961ರ ಹರನಾಮ್ ದಾಸ್ ತೀರ್ಪು ಹೇಳಿದೆ. ಪ್ರಶ್ನಿಸಬೇಕಾದ್ದು ಹೈಕೋರ್ಟಿನಲ್ಲಿ, ಎರಡು ತಿಂಗಳೊಳಗೆ, ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠದ ಮುಂದೆ. ಕನ್ನಡದ ಕಾದಂಬರಿಯೊಂದರ ಮುಟ್ಟುಗೋಲನ್ನು ಸುಪ್ರೀಂ ಕೋರ್ಟ್ 2007ರ ಬರಗೂರು ರಾಮಚಂದ್ರಪ್ಪ ಪ್ರಕರಣದಲ್ಲಿ ಎತ್ತಿಹಿಡಿದದ್ದು ನಿಮಗೆ ಗೊತ್ತಿರಬಹುದು. ಆ ತೀರ್ಪು ನೋವಿನ ಅಳತೆಯಲ್ಲೇ ನಿಂತಿದೆ, ಕಾದಂಬರಿಯಿಂದ ಯಾರ ಮೇಲೆ ಯಾರು ಏರಿಹೋಗುವ ಸಂಭವವಿತ್ತು ಎಂಬುದನ್ನು ಬಿಡಿಸಿ ನೋಡುವುದಿಲ್ಲ. ಕನ್ನಡ ಓದುಗರಾಗಿ ನಾವು ಅದನ್ನು ಇನ್ನೂ ಚರ್ಚಿಸಬೇಕು.

ಪತ್ರಕರ್ತರಿಗೆ ಒಂದು ಮಾತು. 1994ರ ಯರ್ಸಿಲ್ಡ್ ಪ್ರಕರಣದಲ್ಲಿ, ಜನಾಂಗದ್ವೇಷಿ ಯುವಕರ ಸಂದರ್ಶನ ಪ್ರಸಾರ ಮಾಡಿದ ಡೆನ್ಮಾರ್ಕಿನ ಪತ್ರಕರ್ತನಿಗೆ ಹಾಕಿದ ಶಿಕ್ಷೆಯನ್ನು ಯುರೋಪಿನ ನ್ಯಾಯಾಲಯ ತಪ್ಪೆಂದಿತು. ಬೇರೆಯವರ ಮಾತನ್ನು ವರದಿ ಮಾಡುವುದೇ ಅಪರಾಧವಲ್ಲ. ಆದರೆ ಅವಹೇಳನದ ಸ್ಕ್ರೀನ್‌ಶಾಟನ್ನೇ ಮುಖಪುಟಕ್ಕೆ ಹಾಕಿ 'ಭುಗಿಲೆದ್ದ ಆಕ್ರೋಶ' ಎಂದು ಬರೆಯುವುದು ಬೇರೆ ವಿಷಯ. ಆಕ್ರೋಶ ಇನ್ನೂ ಠಾಣೆಯ ಮುಂದೆ ಇನ್ನೂರು ಜನರಷ್ಟೇ ಇರುವಾಗ ಆ ಶೀರ್ಷಿಕೆ ಅದನ್ನು ಬೆಳೆಸುತ್ತದೆ.

ಕೊನೆಗೆ, ಎರಡನೇ ಸನ್ನಿವೇಶದ ಅಂಗಡಿಯವನು ನಿಮ್ಮ ಕಚೇರಿಗೆ ಬಂದರೆ ಏನು ಮಾಡುತ್ತೀರಿ? ದೂರನ್ನು 'ನಮ್ಮ ಭಾವನೆಗೆ ಧಕ್ಕೆಯಾಗಿದೆ' ಎಂದು ಶುರು ಮಾಡಬೇಡಿ. 196ನೇ ಕಲಂ ಕೆಳಗೆ, ಆರು ಅಂಶದ ಕ್ರಮದಲ್ಲಿ ಬರೆಯಿರಿ: ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಹಿನ್ನೆಲೆಯಲ್ಲಿ, ಆಡಿದವನು ಯಾರು, ಅವನ ಮಾತಿಗೆ ಹಿಂದೆ ಜನ ಏನು ಮಾಡಿದ್ದಾರೆ, ಆಡಿದ ಪದಗಳು ಇದ್ದ ಹಾಗೇ, ಎಷ್ಟು ಜನ ಕೇಳಿದರು, ಯಾರಿಗೆ, ಯಾವ ಅಂಗಡಿಗೆ, ಯಾವ ದಿನ ಅಪಾಯ. ದ್ವೇಷ ಭಾಷಣಕ್ಕೆ ದೂರಿಗೆ ಕಾಯದೆ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ, ಅದನ್ನು ಉಲ್ಲೇಖಿಸಿ. ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದು 2018ರ ತೆಹಸೀನ್ ಪೂನಾವಾಲಾ ತೀರ್ಪಿನಲ್ಲಿದೆ, ದೂರಿನ ಒಂದು ಪ್ರತಿ ಅವರಿಗೂ ಹೋಗಲಿ. ವಿಡಿಯೊ ಇದ್ದರೆ ಫಾರ್ವರ್ಡ್ ಆದದ್ದು ಸಾಲದು. ಚಿತ್ರೀಕರಿಸಿದ ಫೋನ್ ಯಾರದು ಎಂದು ಪತ್ತೆ ಮಾಡಿ, ಮೂಲ ಫೈಲ್ ಅಳಿಸದಂತೆ ಹೇಳಿ, ಡಿಜಿಟಲ್ ಸಾಕ್ಷ್ಯಕ್ಕೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರಕ್ಕೆ ಅವರ ಸಹಿ ಆ ದಿನವೇ ತೆಗೆದುಕೊಳ್ಳಿ. ಮೆರವಣಿಗೆ ಮುಗಿದ ಮೇಲೆ ಸಾಕ್ಷಿ ಹೇಳುವವರು ಸಿಗುವುದು ಕಷ್ಟ, ಫೈಲ್ ಇದ್ದರೆ ಪ್ರಕರಣ ಉಳಿಯುತ್ತದೆ.